ಎ ನೆಗೆಟಿವ್ ನಂಜಪ್ಪ

ವರ್ತೂರಿನಲ್ಲಿ ನಂಜಪ್ಪ ಎಂದರೆ ಯಾವ ನಂಜಪ್ಪ ಎಂದು ಕೇಳುತ್ತಿದ್ದರು. ಡೈರಿ ನಂಜಪ್ಪ, ಗರಡಿಮನೆ ನಂಜಪ್ಪ, ಬಿಲ್ಡರಿಗೆ ಜಮೀನು ಕೊಟ್ಟು ಕಾರು ತಂದ ನಂಜಪ್ಪ, ಹೀಗೆ ಆ ಹೆಸರಿನವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದರು. ಈ ನಂಜಪ್ಪ ಮಾತ್ರ ಎ ನೆಗೆಟಿವ್ ನಂಜಪ್ಪ. ತನ್ನ ನೀರಿನ ಟ್ಯಾಂಕರಿನ ಹಿಂಬದಿಗೆ ಹಳದಿ ಬಣ್ಣದಲ್ಲಿ ಆ ಗುಂಪನ್ನೂ ಕೆಳಗೆ ತನ್ನ ಫೋನ್ ನಂಬರನ್ನೂ ಬರೆಸಿದ್ದ. ಬ್ರೂಕ್‌ಫೀಲ್ಡಿನ ಟ್ರಾಫಿಕ್ಕಿನಲ್ಲಿ ಅವನ ಹಿಂದೆ ಸಿಕ್ಕಿಕೊಂಡವರಿಗೆಲ್ಲ ಅದು ಬಾಯಿಪಾಠವಾಗಿತ್ತು.

ಅವನಿಗೆ ಅದು ಗೊತ್ತಾದದ್ದು ಮದುವೆಗೆ ಮುಂಚೆ. ಹೋಪ್ ಫಾರಂ ಹತ್ತಿರ ಲಾರಿಯೊಂದು ಬಡಿದು ಬಿದ್ದಿದ್ದವನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದವರಲ್ಲಿ ಅವನೂ ಒಬ್ಬ. ರಕ್ತ ಬೇಕು ಎಂದಾಗ ಬಂದವರೆಲ್ಲ ತೋಳು ಚಾಚಿದರು. ಇವನದನ್ನು ನೋಡಿದ ಡಾಕ್ಟರು, ಇದು ಅಪರೂಪದ್ದಪ್ಪಾ, ಸಿಕ್ಕೋದೇ ಕಷ್ಟ, ಅಂದರಂತೆ. ಏಳನೇ ಕ್ಲಾಸಿನಲ್ಲಿ ಎರಡು ಸಲ ಫೇಲಾಗಿ ಸ್ಕೂಲು ಬಿಟ್ಟವನು ಅವನು. ಅಣ್ಣತಮ್ಮಂದಿರ ಪಾಲಿನಲ್ಲೂ ಅವನಿಗೆ ಬಂದದ್ದು ಕೆರೆ ಪಕ್ಕದ ಜೌಗು ನೆಲ. ತನ್ನ ಹತ್ತಿರ ಇನ್ನೊಬ್ಬರಿಗೆ ಬೇಕಾದ್ದು ಏನೋ ಇದೆ ಎಂದು ಅವನಿಗೆ ಮೊದಲ ಸಲ ಅನಿಸಿದ್ದು ಆ ಆಸ್ಪತ್ರೆಯ ಮಂಚದ ಮೇಲೆ.

ಆಮೇಲೆ ಅದೇ ಅವನ ಗೀಳಾಯಿತು. ಫೋನ್ ಬಂದರೆ ಟ್ಯಾಂಕರನ್ನು ಯಾವುದಾದರೂ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಬಿಟ್ಟು ಆಟೋ ಹತ್ತುತ್ತಿದ್ದ. ಎಲೆಕ್ಟ್ರಾನಿಕ್ ಸಿಟಿಗೂ ಹೋದ, ಪೀಣ್ಯಕ್ಕೂ ಹೋದ. ಕೊಟ್ಟು ಬಂದ ದಿನ ಹೆಂಡತಿ ಕೃಷ್ಣಮ್ಮ ಮುದ್ದೆಯ ಜೊತೆ ಕಾಲು ಸೂಪು ಮಾಡಿ ಬಡಿಸುತ್ತ, ನಿಮ್ ಮೈಯಾಗೆ ನಿಮಗೂ ಒಂಚೂರು ಇಟ್ಕಳಿ, ಅನ್ನುತ್ತಿದ್ದಳು. ಯಾರಿಗೆ ಹೋಯಿತು, ಅವರು ಉಳಿದರೋ ಇಲ್ಲವೋ ಎಂದು ಅವನು ವಿಚಾರಿಸುತ್ತಿರಲಿಲ್ಲ. ಹಾಗೆ ವಿಚಾರಿಸಬೇಕಾಗಿ ಬಂದದ್ದು ಒಬ್ಬಳ ವಿಷಯದಲ್ಲಿ ಮಾತ್ರ.

ಜೌಗು ನೆಲಕ್ಕೆ ಮಣ್ಣು ಹೊಡೆಸಿ ನಂಜಪ್ಪ ಒಂದು ಸಾಲು ಬಾಡಿಗೆ ಮನೆ ಕಟ್ಟಿಸಿದ್ದ. ಅದರ ಕೊನೆಯ ಮನೆಗೆ ಸಿಂಧನೂರು ಕಡೆಯ ಹನುಮೇಶ ಎಂಬವನು ಹೊಸ ಹೆಂಡತಿ ವೇಣಿಯನ್ನು ಕರೆದುಕೊಂಡು ಬಂದ. ಮಹದೇವಪುರದ ಹಿಂದಿನ ಒಂದು ಶೆಡ್ಡಿನಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣ ಹೊಡೆಯುವ ಕೆಲಸ ಅವನದು. ಹತ್ತಿರದ ಹೆರಿಗೆ ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಮೇಲೆ ವೇಣಿಗೆ ರಕ್ತ ನಿಲ್ಲದೆ ಹೋಯಿತು. ಅವಳದೂ ಎ ನೆಗೆಟಿವ್. ಹುಡುಕುವ ಕಷ್ಟವೇ ಇಲ್ಲದೆ ವಠಾರದಲ್ಲೇ ಸಿಕ್ಕಿತಲ್ಲ ಎಂದು ಎಲ್ಲರೂ ದೇವರಿಗೆ ಕೈಮುಗಿದರು. ನಂಜಪ್ಪ ಓಡಿಹೋಗಿ ಕೊಟ್ಟ. ಮಾರನೆಯ ಬೆಳಿಗ್ಗೆ ವೇಣಿ ತೀರಿಕೊಂಡಳು. ಹೆಣ್ಣುಮಗುವನ್ನು ಅವಳ ತಾಯಿ ಸಿಂಧನೂರಿಗೆ ಎತ್ತಿಕೊಂಡು ಹೋದರು. ಹನುಮೇಶ ಇನ್ನೊಂದು ಮದುವೆಯಾಗದೆ ಅದೇ ಮನೆಯಲ್ಲಿ ಉಳಿದ. ಭಾನುವಾರದ ಊಟ ಅವನದು ಕೃಷ್ಣಮ್ಮನ ಮನೆಯಲ್ಲೇ. ಹೀಗೇ ಹದಿನಾಲ್ಕು ವರ್ಷ ಕಳೆದುಹೋಯಿತು.

ಕಳೆದ ಕಾರ್ತೀಕದಲ್ಲಿ ನಂಜಪ್ಪನಿಗೆ ಟ್ಯಾಂಕರಿನ ಏಣಿ ಹತ್ತುವುದು ಕಷ್ಟವಾಗತೊಡಗಿತು. ಮೇಲೆ ಹತ್ತಿ ಮುಚ್ಚಳ ತೆಗೆಯುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜಿದರೆ ಉಗುಳು ಕೆಂಪಗಿರುತ್ತಿತ್ತು. ಪೈಪು ಹೆಗಲಿಗೆ ತಗಲಿದ ಕಡೆಯೆಲ್ಲ ಮೈ ನೀಲಿಗಟ್ಟುತ್ತಿತ್ತು. ವಯಸ್ಸಾಯಿತು ಅಂದುಕೊಂಡ. ಕೃಷ್ಣಮ್ಮ ಒಂದು ದಿನ ಅವನ ರೆಪ್ಪೆ ಎಳೆದು ನೋಡಿ, ಸುಣ್ಣದಂತೆ ಬೆಳ್ಳಗಿದ್ದದ್ದು ಕಂಡು, ಅತ್ತಿಬೆಲೆಗೆ ಮದುವೆಯಾಗಿ ಹೋಗಿದ್ದ ಮಗಳು ಕೃಪಾಳಿಗೆ ಫೋನ್ ಮಾಡಿದಳು. ತಾಯಿ ಮಗಳು ಸೇರಿ ಅವನನ್ನು ಅವನು ವರ್ಷಗಳಿಂದ ರಕ್ತ ಕೊಡುತ್ತಿದ್ದ ಆಸ್ಪತ್ರೆಗೇ ಸೇರಿಸಿದರು.

ರಕ್ತ ತೀರಾ ಕಡಿಮೆಯಿದೆ, ಇವತ್ತೇ ಹಾಕಬೇಕು ಅಂದರು. ಗುಂಪು ಯಾವುದೆಂದು ನರ್ಸು ಕೇಳಿದಾಗ ಆ ಸುಸ್ತಿನಲ್ಲೂ ನಂಜಪ್ಪ ನಕ್ಕ. ನಿಮ್ ಬ್ಲಡ್ ಬ್ಯಾಂಕ್‌ನಾಗೆ ಕೇಳಿ ತಾಯಿ, ನಂದೇ ಒಂದು ಚೀಲ ಅಲ್ಲಿ ಇದ್ದರೂ ಇರಬೌದು, ಅಂದ.

ಸ್ಯಾಂಪಲ್ ಹೋಯಿತು. ಚೀಲ ಬರಲಿಲ್ಲ. ಬದಲಿಗೆ ನರ್ಸು ಮತ್ತೆ ಸೂಜಿ ಹಿಡಿದುಕೊಂಡು ಬಂದು, ಅವನ ಹೆಸರನ್ನು ಎರಡು ಸಲ ಕೇಳಿ, ಕೈಯ ಪಟ್ಟಿ ನೋಡಿ, ಅಲ್ಲೇ ನಿಂತು ಟ್ಯೂಬಿನ ಮೇಲೆ ಹೆಸರು ಬರೆದು ತೆಗೆದುಕೊಂಡು ಹೋದಳು. ಪಕ್ಕದ ಮಂಚದವನ ರಕ್ತವೂ ಇವನದೂ ಅದಲುಬದಲಾಗಿರಬಹುದೆಂದು ಅವರಿಗೆ ಅನುಮಾನವಂತೆ. ಆದರೆ ಎರಡನೆಯ ಸಲವೂ ಚೀಲ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬ್ಲಡ್ ಬ್ಯಾಂಕಿನ ಡಾಕ್ಟರೇ ಮೇಲೆ ಬಂದರು. ಹೇಮಲತಾ ಎಂದು ಅವರ ಹೆಸರು, ದಾವಣಗೆರೆ ಕಡೆಯವರು. ನಂಜಪ್ಪನಿಗೆ ಅವರ ಗುರುತಿತ್ತು. ಎಷ್ಟೋ ಸಲ ರಕ್ತ ಕೊಟ್ಟಾದ ಮೇಲೆ ಅವರೇ ಜ್ಯೂಸಿನ ಪೊಟ್ಟಣ ಕೈಗಿಟ್ಟದ್ದುಂಟು.

ಬೇರೆ ಎಲ್ಲಾದರೂ ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದೀರಾ ಎಂದು ಅವರು ಕೇಳಿದರು. ಹಾಗೆ ಬೇರೆಯವರ ರಕ್ತ ಮೈಯಲ್ಲಿ ಬೆರೆತಿದ್ದರೆ ಪರೀಕ್ಷೆ ಗೊಂದಲವಾಗುತ್ತದಂತೆ. ಇಲ್ಲ ಅಂದ. ಮಾತ್ರೆ, ಔಷಧಿ, ಹಳೇ ಕಾಯಿಲೆ ಎಲ್ಲ ಕೇಳಿದರು. ಕೊನೆಗೆ ಕುರ್ಚಿ ಎಳೆದುಕೊಂಡು ಕೂತು,

"ನಂಜಪ್ಪನವರೇ, ನಿಮ್ಮದು ಎ ಅಂತ ಮೊದಲು ಹೇಳಿದ್ದು ಯಾರು?" ಅಂದರು.

ಅವರು ಕೇಳಿದ್ದು ಸಹಜವಾಗಿಯೇ. ಆದರೆ ನಂಜಪ್ಪ ದಿಂಬಿನಿಂದ ತಲೆಯೆತ್ತಿದ. "ಯಾಕಮ್ಮಾ? ಅಲ್ವಾ?"

"ಈಗ ನೋಡಿದರೆ ಓ ಥರ ಕಾಣ್ತಿದೆ. ಪೂರ್ತಿ ಓ ಅಂತಲೂ ಹೇಳೋ ಹಾಗಿಲ್ಲ. ಒಂದು ಪರೀಕ್ಷೆ ಒಂದು ಹೇಳುತ್ತೆ, ಇನ್ನೊಂದು ಬೇರೆ ಹೇಳುತ್ತೆ. ತಾಳೆ ಆಗೋವರೆಗೂ ಎ ಚೀಲ ಹಾಕೋದಿಲ್ಲ. ಓ ನೆಗೆಟಿವ್ ಹಾಕ್ತೀವಿ, ಅದು ಯಾರಿಗಾದರೂ ಆಗುತ್ತೆ."

ಓ ನೆಗೆಟಿವ್ ಆಸ್ಪತ್ರೆಯಲ್ಲಿ ಒಂದೇ ಚೀಲವಿತ್ತು. ಉಳಿದದ್ದಕ್ಕಾಗಿ ಕೃಪಾ ಊರೆಲ್ಲ ಫೋನ್ ಮಾಡುತ್ತ ಕಾರಿಡಾರಿನಲ್ಲಿ ಓಡಾಡಿದಳು. ಅಪ್ಪನನ್ನು ಹುಡುಕಿಕೊಂಡು ಜನ ಫೋನ್ ಮಾಡುತ್ತಿದ್ದುದನ್ನು ಕೇಳಿಕೊಂಡು ಬೆಳೆದವಳು ಅವಳು. ಗೊತ್ತಿಲ್ಲದವರ ಮುಂದೆ ಹೇಗೆ ಅಂಗಲಾಚಬೇಕೆಂದು ಅವಳಿಗೆ ಈಗ ಗೊತ್ತಾಯಿತು.

ನಂಜಪ್ಪ ತೊಟ್ಟು ತೊಟ್ಟಾಗಿ ಇಳಿಯುತ್ತಿದ್ದ ಪರರ ರಕ್ತವನ್ನು ನೋಡುತ್ತ ಮಲಗಿದ. ತನ್ನದು ಎ ಅಲ್ಲವಾದರೆ ಇಷ್ಟು ವರ್ಷ ಕೊಟ್ಟದ್ದೇನು? ಎ ಎಂದು ಹೇಳಿಕೊಂಡು, ಟ್ಯಾಂಕರಿನ ಮೇಲೆ ಬರೆಸಿಕೊಂಡು, ಜಂಬದಿಂದ ತೋಳು ಚಾಚಿ ಯಾರ್ಯಾರ ಮೈಗೆ ಏನೇನು ಹಾಕಿಸಿದೆ? ತಪ್ಪು ರಕ್ತ ಹೋದರೆ ಜೀವ ಹೋಗುತ್ತದೆ ಎಂದು ಅವನು ಎಲ್ಲೋ ಕೇಳಿದ್ದ. ಮುಖಗಳೇ ಗೊತ್ತಿಲ್ಲದ ಅಷ್ಟು ಜನರ ನಡುವೆ ಅವನಿಗೆ ಗೊತ್ತಿದ್ದ ಮುಖ ಒಂದೇ. ಬಾಗಿಲ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದ, ತನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದ ವೇಣಿಯ ಮುಖ.

ಕೃಷ್ಣಮ್ಮನಿಗೂ ಅವನು ಇದನ್ನು ಹೇಳಲಿಲ್ಲ. ಮಾರನೆಯ ದಿನ ಕೆಲಸ ಮುಗಿಸಿಕೊಂಡು ಹನುಮೇಶ ಬಂದ. ಉಗುರುಸಂದಿಯಲ್ಲಿ ಇನ್ನೂ ಬಣ್ಣದ ಪುಡಿಯಿತ್ತು. ಮಂಚದ ಪಕ್ಕ ಕೂತು ಮೂಸಂಬಿ ಸುಲಿಯತೊಡಗಿದ. ನಂಜಪ್ಪ ಸ್ವಲ್ಪ ಹೊತ್ತು ಅವನ ಕೈಗಳನ್ನೇ ನೋಡಿದ. ತಡೆಯಲಾಗಲಿಲ್ಲ.

"ಹನುಮೇಶಾ, ನನ್ ರಕ್ತ ಎ ಅಲ್ವಂತೆ ಕಣಪ್ಪಾ."

"ಅಂದ್ರ?"

"ಬೇರೆ ಅಂತೆ. ಅವತ್ತು ವೇಣಿಗೆ ಆಕ್ಸಿದ್ದು... ನಂದೇ ಏನಾರ ಎಚ್ಚುಕಮ್ಮಿ ಆಗಿತ್ತೋ ಏನೋ. ಅದ್ಕೇ ತೀರ್ಕಂಡ್ಲೋ ಏನೋ."

ಹನುಮೇಶ ಸುಲಿಯುವುದನ್ನು ನಿಲ್ಲಿಸಿದ. ಅರ್ಧ ಸುಲಿದ ಹಣ್ಣನ್ನು ತಟ್ಟೆಯಲ್ಲಿಟ್ಟು ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದ. ಬರ್ತೀನ್ರಿ ಅಣ್ಣಾರ ಅಂದ. ಅದಾದ ಮೇಲೆ ಅವನು ಬರಲಿಲ್ಲ. ಊಟದ ಡಬ್ಬಿ ತರುವ ಕೆಲಸ ತಾನೇ ವಹಿಸಿಕೊಂಡಿದ್ದವನು ಅದನ್ನೂ ಬಿಟ್ಟ. ಕೃಷ್ಣಮ್ಮ ಕಾರಣ ಕೇಳಿದಾಗ ನಂಜಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಬಿಡದೆ ಕೇಳಿ ಕೇಳಿ ಬಾಯಿ ಬಿಡಿಸಿದಳು. ಗೊತ್ತಾದ ಮೇಲೆ ಹಣೆ ಚಚ್ಚಿಕೊಂಡಳು. ನಿಜವೋ ಸುಳ್ಳೋ ಗೊತ್ತಿಲ್ಲದ ಮಾತನ್ನು, ಅದೂ ಆ ಮನುಷ್ಯನ ಹತ್ತಿರ, ಯಾಕೆ ಆಡಿದಿರಿ ಎಂದಳು. ಒಬ್ಬನೇ ಹೊರಲಾರದೆ ಹೇಳಿಬಿಟ್ಟೆ ಎಂದು ನಂಜಪ್ಪನಿಗೂ ಅಷ್ಟು ಹೊತ್ತಿಗೆ ಅರ್ಥವಾಗಿತ್ತು.

ಹೇಮಲತಾ ಮತ್ತೆ ಬಂದದ್ದು ನಾಲ್ಕು ದಿನ ಬಿಟ್ಟು. ಅಷ್ಟರಲ್ಲಿ ಅವರು ಅವನ ರಕ್ತವನ್ನು ತಣ್ಣಗೆ ಇಟ್ಟು, ಹೆಚ್ಚು ಹೊತ್ತು ಇಟ್ಟು, ಹಲವು ರೀತಿಯಲ್ಲಿ ಪರೀಕ್ಷಿಸಿದ್ದರು. ಒಂದು ಸಣ್ಣ ಡಬ್ಬಿಯಲ್ಲಿ ಅವನ ಎಂಜಲನ್ನೂ ತೆಗೆದುಕೊಂಡು ಹೋಗಿದ್ದರು. ಇದೇನು ಎಂಜಲು ಎಂದು ಕೃಷ್ಣಮ್ಮ ಮುಖ ಕಿವಿಚಿದ್ದಳು.

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ರಕ್ತದ ಗುಂಪನ್ನು ಎರಡು ಕಡೆಯಿಂದ ನೋಡುತ್ತಾರೆ. ಕೆಂಪು ಕಣದ ಮೈಮೇಲೆ ಯಾವ ಗುರುತಿದೆ ಎಂದು ಒಮ್ಮೆ. ಕಣ ತೇಲುವ ತಿಳಿನೀರಿನಲ್ಲಿ ಯಾವ ಗುರುತನ್ನು ಕಂಡರೆ ಆಗದ ಪದಾರ್ಥವಿದೆ ಎಂದು ಇನ್ನೊಮ್ಮೆ. ಓ ಗುಂಪಿನವರ ತಿಳಿಗೆ ಎ ಕಂಡರೂ ಆಗುವುದಿಲ್ಲ, ಬಿ ಕಂಡರೂ ಆಗುವುದಿಲ್ಲ. ನಂಜಪ್ಪನ ಕಣದ ಮೇಲೆ ಎ ಗುರುತು ಕಾಣಲಿಲ್ಲ, ಅದಕ್ಕೇ ಓ ಥರ ಕಂಡಿತು. ಆದರೆ ಅವನ ತಿಳಿ ಬಿ ಒಂದನ್ನೇ ಒಲ್ಲೆ ಅಂದಿತು, ಎ ಗುರುತನ್ನು ತನ್ನದೆಂದು ಸುಮ್ಮನೆ ಬಿಟ್ಟಿತು. ಓ ಆಗಿದ್ದರೆ ಹಾಗಾಗುತ್ತಿರಲಿಲ್ಲ. ಇನ್ನೂ ಕೆದಕಿ ನೋಡಿದಾಗ ಕಣಗಳ ಮೇಲೆ ಎ ಗುರುತಿನ ಅಲ್ಪಸ್ವಲ್ಪ ಶೇಷ ಸಿಕ್ಕಿತು. ಎಂಜಲಿನಲ್ಲಂತೂ ಎ ಧಾರಾಳವಾಗಿತ್ತು. ಅದು ರಕ್ತದಲ್ಲಿ ತಯಾರಾಗುವ ಪದಾರ್ಥವಲ್ಲ, ಹಾಗಾಗಿ ಉಳಿದುಕೊಂಡಿದೆ.

"ನೀವು ಹುಟ್ಟಿದ್ದೂ ಎ, ಈಗಲೂ ಎ. ರಕ್ತ ಕೊಟ್ಟಾಗಲೆಲ್ಲ ನಾವು ನಿಮ್ಮ ಮಾತು ನಂಬಿ ಚೀಲ ಕಳಿಸ್ತಿರಲಿಲ್ಲ. ಪ್ರತಿ ಸಲ ಹೊಸದಾಗಿ ಗುಂಪು ನೋಡಿ, ರೋಗಿಯ ರಕ್ತದ ಜೊತೆ ಬೆರೆಸಿ ನೋಡಿಯೇ ಕಳಿಸೋದು," ಅಂದರು. ಕೃಷ್ಣಮ್ಮ ಅವರಿಗೆ ವೇಣಿಯ ವಿಷಯ ಹೇಳಿದ್ದಳೆಂದು ಕಾಣುತ್ತದೆ. ಅದನ್ನೂ ಅವರೇ ಎತ್ತಿದರು. "ನೀವು ಓ ಆಗಿದ್ದಿದ್ದರೂ ಆ ಹೆಣ್ಣುಮಗಳಿಗೆ ನಿಮ್ಮ ರಕ್ತದಿಂದ ಸಾವು ಬರ್ತಿರಲಿಲ್ಲ. ಯಾವುದೂ ಗೊತ್ತಾಗದೆ ಇದ್ದಾಗ ಹಾಕೋದೇ ಓ. ಈಗ ನಿಮಗೆ ಹಾಕ್ತಿರೋದೂ ಅದೇ ಅಲ್ವಾ."

"ಅಂಗಾರೆ ನಾನು ಯಾರ್ಗೂ ಏನೂ ಮಾಡ್ಲಿಲ್ಲ."

"ಇಲ್ಲ. ಒಳ್ಳೇದನ್ನೇ ಮಾಡಿದ್ದೀರಿ."

ನಂಜಪ್ಪ ಕಣ್ಣು ಮುಚ್ಚಿಕೊಂಡ. ರೆಪ್ಪೆಯಡಿಯಿಂದ ನೀರು ಕಿವಿಯ ಕಡೆ ಇಳಿಯಿತು. ಎಷ್ಟೋ ದಿನದ ಮೇಲೆ ಅವನ ಮುಖ ಸಡಿಲವಾಗಿತ್ತು. ಡಾಕ್ಟರ ಮುಖ ಸಡಿಲವಾಗಿಲ್ಲದ್ದನ್ನು ಗಮನಿಸಿದವಳು ಕೃಷ್ಣಮ್ಮ.

"ಮತ್ತೆ ಆ ಗುರುತು ಎತ್ಲಾಗೋಯ್ತಮ್ಮ?" ಎಂದು ಕೇಳಿದಳು.

ಅದನ್ನೇ ನೋಡಬೇಕು ಅಂದರು ಹೇಮಲತಾ. ಕಣ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಕೆಟ್ಟ ಕಾಯಿಲೆ ಹೊಕ್ಕಾಗ ಕೆಲವರಲ್ಲಿ ಹೊಸ ಕಣಗಳು ಗುರುತೇ ಇಲ್ಲದೆ ಹೊರಗೆ ಬರುತ್ತವೆ. ಅವನನ್ನು ನೋಡುತ್ತಿದ್ದ ಕ್ಯಾನ್ಸರ್ ಡಾಕ್ಟರಿಗೆ ಮೊದಲೇ ಅನುಮಾನವಿತ್ತು, ಇದರಿಂದ ಅದು ಇನ್ನೂ ಗಟ್ಟಿಯಾಯಿತು. ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದರು. ರಕ್ತದ ಕ್ಯಾನ್ಸರ್ ಎಂದು ಹೇಳಿದಾಗ ಕೃಪಾ ಗೋಡೆ ಹಿಡಿದು ಕೂತುಬಿಟ್ಟಳು. ನಂಜಪ್ಪ ಮಾತ್ರ ಆ ದಿನವೂ ಹಿಂದಿನ ಮಾತಿನಲ್ಲೇ ಇದ್ದ. ವೇಣಿಯನ್ನು ಕೊಂದದ್ದು ತಾನಲ್ಲ ಎಂಬುದರ ಮುಂದೆ ಈ ಸುದ್ದಿ ಅವನಿಗೆ ಪೂರ್ತಿ ಮುಟ್ಟಲೇ ಇಲ್ಲ. ಮುಟ್ಟಿದ್ದು ಕೀಮೋ ಶುರುವಾಗಿ ಮೂರು ವಾರ ಕಳೆದು, ತಲೆದಿಂಬಿನ ಮೇಲೆ ಕೂದಲು ಕಂಡಾಗ.

ಹನುಮೇಶನನ್ನು ಕರೆತರಲು ಕೃಷ್ಣಮ್ಮನೇ ಹೋದಳು. ಅವನು ಕೆಲಸಕ್ಕೂ ಹೋಗದೆ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ, ಡಾಕ್ಟರ ಬಾಯಿಂದಲೇ ಕೇಳಬೇಕು ಅಂದ. ಹೇಮಲತಾ ಅವನನ್ನು ತಮ್ಮ ಕೋಣೆಯಲ್ಲಿ ಕೂರಿಸಿ ಎಲ್ಲವನ್ನೂ ಮತ್ತೆ ಹೇಳಿದರು. ಅವನು ತಲೆ ತಗ್ಗಿಸಿ ಕೇಳಿ, ಅವತ್ತು ಆ ಹೆರಿಗೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದವರು ಸರಿಯಾಗಿಯೇ ಮಾಡಿದ್ದರೆಂದು ನಿಮಗೆ ಹೇಗೆ ಗೊತ್ತು ಎಂದ. ಅಲ್ಲಿ ನಾನಿರಲಿಲ್ಲ, ಅದನ್ನು ನಾನು ಹೇಳಲಾರೆ, ಅಂದರು ಅವರು. ನಂಜಪ್ಪನ ರಕ್ತ ಎ, ಅವಳದೂ ಎ, ಆಗ ಈ ಕಾಯಿಲೆ ಇರಲಿಲ್ಲ, ಇಷ್ಟನ್ನು ಮಾತ್ರ ಹೇಳಬಲ್ಲೆ. ಹೆರಿಗೆಯಲ್ಲಿ ಒಮ್ಮೊಮ್ಮೆ ಎಷ್ಟು ರಕ್ತ ಹಾಕಿದರೂ ನಿಲ್ಲುವುದಿಲ್ಲ.

ಹನುಮೇಶ ವಾರ್ಡಿಗೆ ಬಂದ. ಮಂಚದ ಪಕ್ಕ ಬಹಳ ಹೊತ್ತು ನಿಂತಿದ್ದು ಆಮೇಲೆ ಕೂತ.

"ಅಣ್ಣಾರ, ಇಷ್ಟು ದಿನ ಮನ್ಯಾಗ ಕುಂತು ನಿಮ್ಮನ್ನ ಬೈದೀನ್ರಿ," ಅಂದ. "ಅಕಿ ಸತ್ತಾಗಿಂದ ಬೈಯಾಕ ಒಬ್ಬರೂ ಸಿಕ್ಕಿರ್ಲಿಲ್ಲ ನನಗ. ನೀವು ಸಿಕ್ರಿ."

"ಬೈದ್ರೆ ಬೈಕೋ ಬಿಡಪ್ಪಾ," ಅಂದ ನಂಜಪ್ಪ.

ಇಬ್ಬರೂ ಮತ್ತೆ ಆ ವಿಷಯ ಎತ್ತಲಿಲ್ಲ. ಊಟದ ಡಬ್ಬಿ ಮತ್ತೆ ಹನುಮೇಶನ ಕೈಯಲ್ಲಿ ಬರತೊಡಗಿತು. ಆದರೆ ಮೊದಲಿನ ಹಾಗೆ ಸಲೀಸಾಗಿ ಮಾತಾಡುವುದು ಅವನಿಗೆ ಆಗಲಿಲ್ಲ. ಬಂದರೆ ಕೂರುತ್ತಿದ್ದ, ಕಾಲೊತ್ತುತ್ತಿದ್ದ, ಹೋಗುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಕಾಯಿಲೆ ಹಿಡಿತಕ್ಕೆ ಬಂದಂತೆ ಕಂಡಿತು. ಒಂದು ಬೆಳಿಗ್ಗೆ ಹೇಮಲತಾ ಮಹಡಿ ಹತ್ತಿ ಬಂದು, ನಿಮ್ಮ ಕಣಗಳಲ್ಲಿ ಎ ಮತ್ತೆ ಕಾಣ್ತಿದೆ ನಂಜಪ್ಪನವರೇ, ಅಂದರು. ಮಜ್ಜೆ ಸುಧಾರಿಸಿದಂತೆ ಗುರುತೂ ಮರಳಿತ್ತು. ಬಾಣಂತಿಯ ಹಾಗೆ ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ನಂಜಪ್ಪನ ಮುಖ ಅರಳಿತು.

"ಅಂಗಾರೆ ಇನ್ನೊಂದಾರು ತಿಂಗ್ಳು ಬುಟ್ಟು ಕೊಡಬೌದಾ ತಾಯಿ?"

ಈ ಪ್ರಶ್ನೆ ಬರುತ್ತದೆಂದು ಅವರು ಎಣಿಸಿರಲಿಲ್ಲ. ಈ ಕಾಯಿಲೆ ಬಂದವರ ರಕ್ತವನ್ನು ಯಾವತ್ತೂ ತೆಗೆದುಕೊಳ್ಳುವಂತಿಲ್ಲ ಎಂದು ಹೇಳಬೇಕಾಯಿತು. ಎಷ್ಟೇ ವಾಸಿಯಾದರೂ? ಎಷ್ಟೇ ವಾಸಿಯಾದರೂ. ನಂಜಪ್ಪ ಸರಿ ಎಂದು ತಲೆಯಾಡಿಸಿದ. ಕಾಯಿಲೆಯ ಹೆಸರು ಕೇಳಿದಾಗ ಕುಗ್ಗದಿದ್ದವನು ಆ ದಿನ ಕುಗ್ಗಿದ. ಮನೆಗೆ ಬಂದವನೇ ಹನುಮೇಶನನ್ನು ಕರೆದು, ಟ್ಯಾಂಕರಿನ ಹಿಂದಿನ ಅಕ್ಷರದ ಮೇಲೆ ಬಣ್ಣ ಬಳಿದುಬಿಡು ಅಂದ. ಇರಲಿ ಬಿಡ್ರಿ ಅಂದ ಹನುಮೇಶ. ಕೊಡೋಕಾಗದ ಮೇಲೆ ಸುಳ್ಳು ಬರ್ಕೊಂಡು ತಿರುಗಬಾರದು ಅಂದ ನಂಜಪ್ಪ. ಭಾನುವಾರ ಬೆಳಿಗ್ಗೆ ಹನುಮೇಶ ಅಕ್ಷರಗಳನ್ನು ಉಜ್ಜಿ ತೆಗೆದು ಅಲ್ಲಿಗೆ ನೀಲಿ ಹೊಡೆದ. ನಂಜಪ್ಪ ಕುರ್ಚಿ ಹಾಕಿಸಿಕೊಂಡು ಕೂತು ನೋಡಿದ. ಕೃಷ್ಣಮ್ಮ ಒಳಗಿಂದ ಹೊರಗೆ ಬರಲಿಲ್ಲ.

ಯುಗಾದಿಯವರೆಗೆ ಅವನು ಚೆನ್ನಾಗಿಯೇ ಇದ್ದ. ಆಮೇಲೆ ಒಂದು ಸಲ ಸ್ವಲ್ಪ ಸುಸ್ತು ಎಂದು ರಕ್ತ ಹಾಕಿಸಲು ಹೋದಾಗ, ಮಾಮೂಲಿನಂತೆ ಗುಂಪು ನೋಡಿದರು. ಅವನ ಕಣಗಳಲ್ಲಿ ಎ ಗುರುತಿದ್ದ ಕೆಲವು ಒಂದಕ್ಕೊಂದು ಅಂಟಿಕೊಂಡವು, ಮತ್ತೆ ಗುರುತು ಕಳೆದುಕೊಂಡವು ಹಾಗೇ ಬಿಡಿಯಾಗಿ ಉಳಿದವು. ಬೇರೆ ಪರೀಕ್ಷೆಗಳಲ್ಲಿ ಏನೂ ಕಾಣುವ ಮೊದಲೇ ಹೇಮಲತಾ ಅವರಿಗೆ ಅದು ಕಂಡಿತ್ತು. ಅವರು ಇನ್ನೊಮ್ಮೆ ಮಾಡಿಸಿದರು. ಸ್ಯಾಂಪಲ್ ಅದಲುಬದಲಾಗಿರಲಿ ಎಂದು ಒಬ್ಬ ಡಾಕ್ಟರು ಆಸೆಪಡುವುದುಂಟಾದರೆ ಅವರು ಆವತ್ತು ಹಾಗೆ ಆಸೆಪಟ್ಟರು. ಮಜ್ಜೆ ತೆಗೆದು ನೋಡಿದಾಗ ಕಾಯಿಲೆ ಮರಳಿತ್ತು.

ಇನ್ನೊಂದು ಸುತ್ತು ಕೀಮೋ ಮಾಡಬಹುದು, ಆದರೆ ದೇಹ ತಡೆಯುವುದು ಅನುಮಾನ ಎಂದು ಕ್ಯಾನ್ಸರ್ ಡಾಕ್ಟರು ಹೇಳಿದರು. ಕೃಪಾ ಮಾಡೋಣ ಅಂದಳು. ನಂಜಪ್ಪ ಒಪ್ಪಲಿಲ್ಲ. ಮನೆಯಲ್ಲಿದ್ದುಕೊಂಡು ಬೇಕಾದಾಗ ರಕ್ತ ಹಾಕಿಸಿಕೊಂಡು ಬರುತ್ತಿದ್ದ. ಆಷಾಢದ ಹೊತ್ತಿಗೆ ಅದನ್ನೂ ಸಾಕು ಅಂದ. ನಾನು ತಗೊಳ್ಳೋ ಚೀಲ ಇನ್ಯಾರಾದರೂ ಬದುಕುವವರಿಗೆ ಆಗಲಿ ಎಂದು ಅವನು ಹೇಳಿದಾಗ ಕೃಷ್ಣಮ್ಮ ಅವನ ಮೇಲೆ ರೇಗಿದಳು. ಆಮೇಲೆ ಅಡಿಗೆಮನೆಯಲ್ಲಿ ನಿಂತು ಅತ್ತಳು. ಶ್ರಾವಣ ಹುಟ್ಟಿದ ವಾರ, ಮಧ್ಯಾಹ್ನ ಗಂಜಿ ಕುಡಿದು ಮಲಗಿದವನು ಮತ್ತೆ ಏಳಲಿಲ್ಲ.

ಅವರ ಪೈಕಿ ಹೂಳುವ ಪದ್ಧತಿ. ಹಿರಿಯರ ಸಮಾಧಿಗಳಿದ್ದ ಜಾಗ ಮಾರಿಹೋಗಿ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒತ್ತಿಕೊಂಡು ಒಂದು ಪಟ್ಟಿಯಷ್ಟೇ ಉಳಿದಿತ್ತು. ಗಂಡುಮಕ್ಕಳಿಲ್ಲದ್ದರಿಂದ ಕಾರ್ಯಕ್ಕೆ ಅಣ್ಣನ ಮಗ ನಿಂತ. ಮೊದಲ ಹಿಡಿ ಮಣ್ಣು ಅವನು ಹಾಕಿದ, ಎರಡನೆಯದನ್ನು ಹನುಮೇಶ ಹಾಕಲಿ ಎಂದು ಕೃಷ್ಣಮ್ಮ ಹೇಳಿದಳು. ಅವನು ನಮ್ಮ ಜನವಲ್ಲ ಎಂದು ಯಾರೋ ಗೊಣಗಿದ್ದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹನುಮೇಶ ಮಣ್ಣು ಹಾಕಿ, ಅಣ್ಣನ ಮಗನ ಕೈಯಿಂದ ಗುದ್ದಲಿಯನ್ನೂ ತೆಗೆದುಕೊಂಡ. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಸೆಕ್ಯುರಿಟಿಯವನು ಬಂದು, ಇನ್ನೆಷ್ಟು ಹೊತ್ತಾಗುತ್ತೆ ಅಣ್ಣ, ಮೇಲಿನ ಮನೆಯವರು ಕೇಳ್ತಿದ್ದಾರೆ ಅಂದ. ಮಳೆಗೆ ನೆನೆದ ಮಣ್ಣು ಗುದ್ದಲಿಗೆ ಅಂಟುತ್ತಿತ್ತು. ಹನುಮೇಶ ಅದನ್ನು ಕೈಯಿಂದಲೇ ಬಿಡಿಸಿ ಬಿಡಿಸಿ ಹಾಕುತ್ತಿದ್ದ. ಕೃಷ್ಣಮ್ಮ ಪಕ್ಕದ ಕಲ್ಲಿನ ಮೇಲೆ ಕೂತು ಅವನು ಮುಗಿಸುವವರೆಗೂ ಕಾದಳು.